ಮೂರನೆಯ ಕೊಡ

ಹೆರಿಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಎರಡು ಮಣ್ಣಿನ ಕೊಡಗಳಿದ್ದವು. ಬೆಳಿಗ್ಗೆ ನಾನು ಹೊತ್ತು ತಂದು ತುಂಬಿಸಿಟ್ಟ ನೀರು ಮಧ್ಯಾಹ್ನವೂ ಕಂಠಮಟ್ಟ ಹಾಗೇ ನಿಂತಿರುತ್ತಿತ್ತು. ಎದುರಿನ ಬೆಂಚುಗಳ ಮೇಲೆ ಬಸುರಿಯರು ಒಣಗಿದ ತುಟಿಗಳಲ್ಲಿ ಸರದಿ ಕಾಯುತ್ತಿದ್ದರು. ಅವರ ನಡುವೆ ನನ್ನ ಅಕ್ಕ ದುರುಗಮ್ಮನೂ ಇದ್ದಳು, ಏಳು ತಿಂಗಳು ತುಂಬಿದ್ದವಳು.

ಅಕ್ಕನಿಗೆ ಉರಿಮೂತ್ರ, ಬಿಟ್ಟು ಬಿಟ್ಟು ಜ್ವರ. "ನೀರು ಕುಡಿಯಮ್ಮ, ಇನ್ನೊಂದು ಸಲ ಹೀಗಾದ್ರೆ ಮಗು ಉಳಿಯೋದು ಕಷ್ಟ" ಎಂದಿದ್ದರು ಡಾಕ್ಟರು.

"ಕುಡಿಯೇ!" ಎಂದು ನಾನು ರೇಗಿದೆ.

"ಕುಡಿದು ಎಲ್ಲಿಗೆ ಹೋಗ್ಲೋ, ನಿನ್ನ ನೆತ್ತಿ ಮೇಲಾ?" ಎಂದಳು. ಪಕ್ಕದವರು ನಕ್ಕರು. ಹೆಂಗಸರಿಗೆ ಅಲ್ಲಿ ಕಕ್ಕಸೇ ಇರಲಿಲ್ಲ.

ಆಸ್ಪತ್ರೆಗೆ ಏನು ಬೇಕೆಂದು ಪುರಸಭೆಗೆ ಬರೆಯುತ್ತಿದ್ದದ್ದು ಮಹಿಳಾ ಆರೋಗ್ಯ ಸಲಹಾ ಸಮಿತಿ. ಐವರು ಗಂಡಸರು, ಜೊತೆಗೆ ನಿವೃತ್ತ ನರ್ಸ್ ಎಸ್ತೇರಮ್ಮ. ಉರಿಮೂತ್ರದ ಕೇಸುಗಳು ಹೆಚ್ಚಿವೆಯೆಂದು ಅಂದು ಸಭೆ ಸೇರಿತ್ತು. ಅಧ್ಯಕ್ಷ ಶ್ರೀಕಂಠಯ್ಯನವರು, ಪಡಸಾಲೆಗೆ ಮೂರನೆಯ ಕೊಡ ಒದಗಿಸತಕ್ಕದ್ದು ಎಂದು ಬರೆದರು. ಬಾಗಿಲಲ್ಲಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

"ಇರೋ ಎರಡೇ ಖಾಲಿ ಆಗಲ್ಲ, ಮೂರನೇದು ಯಾರ ತಲೆ ಮೇಲೆ ಒಡೀಲಿ?" ಎಂದು ಕೂಗಿದೆ.

"ಏಳನೇ ಕ್ಲಾಸಿಗೆ ಶಾಲೆ ಬಿಟ್ಟೋನು ನಮಗೇ ಪಾಠ ಹೇಳ್ತಾನಲ್ರೀ" ಎಂದು ಒಬ್ಬರು ನಕ್ಕರು.

ಎಸ್ತೇರಮ್ಮ ನನ್ನತ್ತ ನೋಡಿ, "ಕೂಗಬೇಡ. ಹೋಗಿ ಎಲ್ರಿಗೂ ಮಜ್ಜಿಗೆ ತಾ, ದೊಡ್ಡ ಲೋಟದಲ್ಲಿ" ಎಂದರು. ಅವರ ಮೇಲೂ ಸಿಟ್ಟು ಬಂತು. ಆದರೂ ಮಜ್ಜಿಗೆ ತಂದುಕೊಟ್ಟೆ. ಎರಡು ಸುತ್ತು ಕೊಡಿಸಿದರು.

ಎರಡು ಗಂಟೆ ಕಳೆಯಿತು. ಅಧ್ಯಕ್ಷರು ಎದ್ದು ಸಮಿತಿಯ ಸದಸ್ಯರಿಗೆಂದೇ ಇದ್ದ ಕಕ್ಕಸಿಗೆ ಹೋದರು. ಬೀಗ ಹಾಕಿತ್ತು.

"ಕೀಲಿ ಎಲ್ರೀ?"

"ನನ್ನ ಹತ್ರ ಇದೆ ಸಾರ್" ಎಂದರು ಎಸ್ತೇರಮ್ಮ. "ನೀವು ಎರಡು ಗಂಟೆ ಕೂತ್ರಿ. ಹೊರಗಿರೋರು ಬೆಳಿಗ್ಗೆಯಿಂದ ಕೂತಿದ್ದಾರೆ, ಹೊಟ್ಟೆಯಲ್ಲಿ ಮಗು ಇಟ್ಕೊಂಡು."

ಈಗ ಯಾರೂ ನಗಲಿಲ್ಲ. ಅಧ್ಯಕ್ಷರು ನಿಂತೇ ಮೂರನೆಯ ಕೊಡ ಎಂದು ಬರೆದಿದ್ದ ಸಾಲನ್ನು ಹೊಡೆದುಹಾಕಿದರು. ಹೆಂಗಸರಿಗೆ ನಾಲ್ಕು ಕಕ್ಕಸು ಎಂದು ಬರೆದು ಸಹಿ ಮಾಡಿದರು.

"ಅವನ್ನ ಕಟ್ಟೋವರೆಗೆ?" ಎಂದರು ಎಸ್ತೇರಮ್ಮ.

"ಇದನ್ನೇ ಅವರಿಗೆ ಬಿಡೋಣ. ಅದನ್ನೂ ಬರೀತೀನಿ, ಕೊಡ್ರಮ್ಮ ಕೀಲಿ!"

ಎಸ್ತೇರಮ್ಮ ಕೀಲಿಯನ್ನು ನನ್ನ ಕೈಗಿಟ್ಟರು. "ಮೊದಲು ನಿನ್ನಕ್ಕನ್ನ ಕರ್ಕೊಂಡು ಬಾ."

ಅಕ್ಕ ಒಳಗೆ ಹೋದಳು. ನೋಡನೋಡುತ್ತಲೇ ಬಾಗಿಲ ಮುಂದೆ ಸಾಲು ಬೆಳೆಯಿತು. ಅದರ ಕೊನೆಯಲ್ಲಿ ಶ್ರೀಕಂಠಯ್ಯನವರು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದರು. ಮುಂದಿದ್ದ ತುಂಬು ಬಸುರಿ ತಿರುಗಿ ನೋಡಿ, "ಅವಸರವಾ ಬುದ್ಧಿ? ನೀವು ಮುಂದೆ ಹೋಗಿ" ಎಂದಳು.

"ಇಲ್ಲಮ್ಮ, ನಿಮ್ಮದಾಗ್ಲಿ" ಎಂದು ಅವರು ಗೋಡೆಗೊರಗಿ ನಿಂತರು.