ಎರಡನೇ ತೂತು

ಭಟ್ಕಳ ಭಟ್ಕಳ ಎಂದು ಕಂಡಕ್ಟರ್ ಕೂಗುತ್ತಾನೆ, ಎಂಥ ಗಂಟಲು ಇವನದು, ಇದರ ಅರ್ಧದಷ್ಟಾದರೂ ಜೋರಾಗಿ ಅವತ್ತು ತಾನು ಕೂಗಿದ್ದರೆ — ಸುಚಿತಾ ಬ್ಯಾಗನ್ನು ತೊಡೆಗೆಳೆದುಕೊಳ್ಳುತ್ತಾಳೆ, ಮಂಗಳೂರಿನ ಆಸ್ಪತ್ರೆಯಲ್ಲಿ ಆರು ವರ್ಷದಿಂದ ಆಪರೇಷನ್ ಥಿಯೇಟರ್ ನರ್ಸು, ರಜೆಗೆಂದು ಕುಮಟೆಗೆ ಹೊರಟವಳು, ಮನಸ್ಸು ಮಾತ್ರ ಮಂಗಳವಾರದ ಟೇಬಲ್ಲಿನ ಪಕ್ಕವೇ ನಿಂತಿದೆ, ಟೇಬಲ್ ಮೇಲೆ ಕುಮಟೆ ಬದಿಯ ಕಾಗಾಲದ ನಾಗ, ಗದ್ದೆ ಕೆಲಸದವ, ಶ್ವಾಸಕೋಶದಲ್ಲಿ ಗಡ್ಡೆ, ನಮ್ಮ ಬದಿಯವಳಾ ತಂಗೀ, ಒಂದೇ ತೂತು ಅಂದ್ರು ಡಾಕ್ಟ್ರು, ಹೌದಾ, ಮಂಪರಿಗೆ ಮೊದಲು ಕೇಳಿದ್ದ, ಹೌದು ನಾಗಣ್ಣ ಒಂದೇ, ಎಂದಿದ್ದಳು ತಾನೇ, ಪಕ್ಕೆಯಲ್ಲಿ ಎರಡು ಬೆರಳಗಲದ ಆ ಒಂದೇ ತೂತಿನಲ್ಲಿ ಕ್ಯಾಮೆರಾ, ರೋಬೋಟಿನ ಎರಡು ತೋಳು, ಅದೇ ಸಂದಿನಲ್ಲಿ ರಕ್ತ ಹೀರುವ ಅವಳ ನಳಿಕೆ, ಅತ್ತಿತ್ತ ಅಲ್ಲಾಡಲು ಜಾಗವಿಲ್ಲ, ಡಾಕ್ಟರ್ ಸುದರ್ಶನ ಕೋಣೆಯ ಮೂಲೆಯಲ್ಲಿ ರೋಬೋಟನ್ನು ನಡೆಸುವ ಪೆಟ್ಟಿಗೆಯೊಳಗೆ ಮುಖವಿಟ್ಟು ಕೂತಿದ್ದಾರೆ, ಎದೆಯೊಳಗಿನದ್ದು ಅವರಿಗೆ ಕಾಣುತ್ತದೆ, ಹೊರಗೆ ತೋಳಿಗೆ ತೋಳು ತಾಗುವುದು ಅವಳಿಗಷ್ಟೇ, ಎಷ್ಟು ಬಲವಾಗಿ ಎಳೆಯುತ್ತಿದ್ದೇನೆಂದು ಅವರ ಕೈಗೂ ತಿಳಿಯದು — ಸರ್, ತಾಗ್ತಾ ಇದೆ, ಎಂದಳು, ಮೆಲ್ಲಗೆ, ಬೇರೆ ಊರಿನ ನಾಲ್ವರು ಡಾಕ್ಟರು ನೋಡಲು ಬಂದು ನಿಂತಿದ್ದರಲ್ಲ, ಅವರೆದುರು ಹೇಗೆ ಕೂಗುವುದು, ಸುದರ್ಶನರಿಗೆ ಕೇಳಿಸಲಿಲ್ಲ, ಸಿಕ್ಕಿಬಿದ್ದ ತೋಳು ಒಮ್ಮೆಲೇ ಬಿಡಿಸಿಕೊಂಡು ಜಿಗಿಯಿತು, ಒಳಗೊಂದು ರಕ್ತನಾಳ ಹರಿಯಿತು, ಕ್ಯಾಮೆರಾದ ಪರದೆಯೆಲ್ಲ ಕೆಂಪು, ಒತ್ತು ಸುಚಿತಾ, ಒತ್ತಿ ಹಿಡಿ, ಕಡ್ಡಿಯ ತುದಿಯ ಬಿಳಿ ಗಾಜ್ ಬಟ್ಟೆಯನ್ನು ಒಳಗೆ ತಳ್ಳಿ ಒತ್ತಿದಳು, ಅಂಚಿನಿಂದ ಕೆಂಪೇರತೊಡಗಿತು, ಅವಳು ಕೈ ತೆಗೆಯುವಂತಿಲ್ಲ, ಕಡ್ಡಿ ಇದ್ದರೆ ಹೊಲಿಗೆಯ ಸೂಜಿ ಒಳಹೋಗುವಂತಿಲ್ಲ, ಸರ್ ಇನ್ನೊಂದು ತೂತು ಬೇಕು, ಈ ಸಲ ಜೋರಾಗಿಯೇ, ಆ ನಾಲ್ವರೂ ತಿರುಗಿ ನೋಡುವಷ್ಟು, ಸುದರ್ಶನ ಪೆಟ್ಟಿಗೆಯಿಂದ ಮುಖವೆತ್ತಿ, ಮಾಡೋಣ, ಎಂದು ಟೇಬಲ್ಲಿನ ಕಡೆ ಎದ್ದರು.

ಬಸ್ಸು ಹೊನ್ನಾವರದ ಸೇತುವೆ ಹತ್ತಿದೆ, ಕೆಳಗೆ ಶರಾವತಿ ಅಗಲಕ್ಕೆ ಬಿದ್ದುಕೊಂಡಿದೆ, ಎರಡನೇ ತೂತಿನಿಂದ ಸೂಜಿ ಒಳಹೋಗಿ ರಕ್ತ ನಿಂತಿತು, ಗಡ್ಡೆಯೂ ಹೊರಬಂತು, ನಾಗಣ್ಣ ಮರುದಿನವೇ ಕೂತು ಗಂಜಿ ಕುಡಿದ, ಅಂಗಿಯೆತ್ತಿ ನೋಡಿಕೊಂಡ, ಒಂದೇ ಅಂದಿದ್ಯಲ್ಲ ತಂಗೀ, ಇದೆಂತ ಎರಡು, ಎರಡು ಬೇಕಾತು ನಾಗಣ್ಣ, ಆತು ಬಿಡು, ಉಸ್ರು ಆಡ್ತದಲ್ಲ, ಎಂದು ನಕ್ಕ, ಮೊದಲ ಸಲ ತಾನು ಮೆಲ್ಲಗೆ ಹೇಳಿದ್ದನ್ನು ಅವನಿಗೆ ಹೇಳಲಿಲ್ಲ, ಸುದರ್ಶನರಿಗೆ ಹೇಳಿದಳು, ನಂಗೆ ಕೇಳಿಸ್ಲಿಲ್ಲಮ್ಮ, ಮುಂದಿನ ಸಲ ಯಾರೇ ಇರಲಿ ಕೂಗು, ಅಷ್ಟೇ, ಬೈಯಲಿಲ್ಲ, ಬೈದಿದ್ದರೆ ಮುಗಿಯುತ್ತಿತ್ತೇನೋ — ಫೋನು, ಅಮ್ಮ, ಎಲ್ಲಿ ಬಂದ್ಯೇ, ಹೊನ್ನಾವರ ಬಂತು ಅಮ್ಮಾ, ಊಟಕ್ಕೆ ಎಂತ ಮಾಡ್ಲಿ ಮಗಾ, ಹೇಳು, ಹೇಳೇ, ಎಂತ ಬೇಕು, ಏನೋ ಹೇಳಲು ಬಾಯಿ ತೆರೆಯುತ್ತಾಳೆ, ಕಣ್ಣೆದುರು ಅದೇ ಗಾಜ್ ಬಟ್ಟೆ, ಬಿಳಿಯದು, ಅಂಚಿನಿಂದ ಕೆಂಪೇರುತ್ತ, ಅಂಚಿನಿಂದ —