ಸುಭಾಸನ ಸೆಟ್ಟಿನ ನೆನಪು

ಬೈಲಹೊಂಗಲದ ಪೇಟೆಯಲ್ಲಿ ಸುಭಾಸನಿಗೆ ಅರಿವೆ ಅಂಗಡಿ ಇತ್ತು, ಆದರೆ ಅವನ ಜೀವವೆಲ್ಲ ಕೈಯಲ್ಲಿ ಹಿಡಿಯುವ ವೈರ್‌ಲೆಸ್ ಸೆಟ್ಟಿನಲ್ಲಿತ್ತು. ಗಿರಾಕಿ ಸೀರೆ ಕೇಳಿದರೆ ಪುಣ್ಯಾತ್ಮ ಆಂಟೆನಾ ಒರೆಸುತ್ತ ಕೂತಿರುತ್ತಿದ್ದ. ಸೆಟ್ಟಿನೊಳಗೆ ಜಿಪಿಎಸ್ ಇತ್ತು, ನಿಂತ ಜಾಗವನ್ನು ಅಂಕಿಗಳಲ್ಲಿ ತೋರಿಸುವಂಥದ್ದು. ಒಂದೇ ತೊಡಕು, ಸೆಟ್ ಆರಿಸಿದೊಡನೆ ಅದು ಎಲ್ಲ ಮರೆಯುತ್ತಿತ್ತು. ಮತ್ತೆ ಹಚ್ಚಿದಾಗ ಬಯಲಲ್ಲಿ ನಿಂತು ಬಹಳ ಹೊತ್ತು ಕಾಯಬೇಕು. ಸುಭಾಸ ಸೆಟ್ ಬಿಚ್ಚಿ ಕೈಗಡಿಯಾರದಂಥ ಸಣ್ಣ ಸೆಲ್ಲೊಂದನ್ನು ಒಳಗೆ ಬೆಸೆದ. ಅಲ್ಲಿಂದ ಮುಂದೆ ಹಚ್ಚಿದ ಕ್ಷಣವೇ ಕೊನೆಯ ಜಾಗದ ಅಂಕಿ ಮಿಣುಕುತ್ತಿತ್ತು. ಆಕಾಶ ಕಂಡ ಮೇಲೆ ಹೊಸ ಅಂಕಿ ಬಂದು ಮಿಣುಕು ನಿಲ್ಲುತ್ತಿತ್ತು. ಇದನ್ನು ಹೇಳಿ ಹೇಳಿ ಮನೆಯವರ ತಲೆ ತಿಂದಿದ್ದ.

ಎರಡು ಸಾವಿರದ ಒಂಬತ್ತರಲ್ಲಿ ಮಲಪ್ರಭೆ ಉಕ್ಕಿದಾಗ ಮೊಬೈಲುಗಳು ಬಂದ್ ಬಿದ್ದವು. ಸವದತ್ತಿಯಲ್ಲಿ ಅನ್ನಪೂರ್ಣಾ ಎಂಬ ಇನ್ನೊಬ್ಬ ವೈರ್‌ಲೆಸ್ ಹವ್ಯಾಸಿ ಕೂತು, ಎಲ್ಲಿಗೆ ಬೋಟು ಬೇಕೆಂದು ಕೇಳಿ ಕಳಿಸುತ್ತಿದ್ದಳು. ಸುಭಾಸ ಮುಂಜಾನೆ ಒಂದು ಊರಿನ ಜನರನ್ನು ದಾಟಿಸಿ, ಬ್ಯಾಟರಿ ಉಳಿಯಲೆಂದು ಸೆಟ್ ಆರಿಸಿ, ಟ್ರ್ಯಾಕ್ಟರ್ ಹತ್ತಿ ರಾಮದುರ್ಗದ ಕಡೆಯ ಹೊಳಿಮಡ್ಡಿ ಎಂಬ ಊರಿಗೆ ಬಂದ. ಅವನು ಬಂದ ಹಿಂದೆಯೇ ದಾರಿ ಮುಳುಗಿತು.

ಜನವೆಲ್ಲ ಸಾಲೆಯ ಪಡಸಾಲೆಯಲ್ಲಿ ಸೇರಿದ್ದರು. ತಂಗೆವ್ವ ಎಂಬ ಮುದುಕಿ ತನ್ನ ಎಮ್ಮೆಯ ಹಗ್ಗ ಹಿಡಿದು ನಿಂತಿದ್ದಳು. ಗಂಡ ಹೋದ ಮೇಲೆ ಆ ಎಮ್ಮೆಯ ಹಾಲೇ ಅವಳ ಬದುಕು.

"ಬೋಟ್ ಲಗೂನ ಬಂದ್ರ ಸಾಕ್ರಿ ಸಾವಕಾರ್ರ. ಹಗ್ಗ ಹಿಡದ್ರ ನನ್ನ ಎಮ್ಮಿ ಹಿಂದಿಂದ ಈಸಿಕೋತ ಬರತೈತಿ."

ಸುಭಾಸ ಸೆಟ್ ಹಚ್ಚಿದ. ತಟ್ಟನೆ ಅಂಕಿ ಬಂತು. ಜನ ಬಾಯಿ ತೆರೆದು ನೋಡಿದರು, ಅವನ ಎದೆ ಉಬ್ಬಿತು. ಮಾಳಿಗೆಯ ಕೆಳಗೆ ಆಕಾಶವೆಲ್ಲಿಯದು ಎಂಬ ವಿಚಾರ ಆ ಉಬ್ಬಿನಲ್ಲಿ ಅವನಿಗೆ ಹೊಳೆಯಲಿಲ್ಲ. ಮಿಣುಕುತ್ತಿದ್ದ ಅಂಕಿಯನ್ನೇ ಗತ್ತಿನಿಂದ ಓದಿದ.

"ಊರ ಹೆಸರೂ ಹೇಳ್ರಿ ಸುಭಾಸರ," ಎಂದಳು ಅನ್ನಪೂರ್ಣಾ ಸೆಟ್ಟಿನಲ್ಲಿ.

"ಹೆಸರ್ಯಾಕ್ರಿ, ನಂಬರ್ ಕೊಟ್ಟೇನಲ್ಲ. ಒಂದ ಗೇಣ ಆಕಡಿ ಈಕಡಿ ಆಗಂಗಿಲ್ಲ."

ಅವನ ಬೆನ್ನ ಹಿಂದಿನ ಗೋಡೆಯ ಮೇಲೆ ಊರಿನ ಹೆಸರು ಮೊಳದುದ್ದದ ನೀಲಿ ಅಕ್ಷರಗಳಲ್ಲಿತ್ತು.

ಬೋಟು ಬರಲಿಲ್ಲ. ನೀರು ಪಡಸಾಲೆಗೆ ನುಗ್ಗಿತು. ಜನ ಹೊರಗಿನ ಇಕ್ಕಟ್ಟು ಮೆಟ್ಟಿಲು ಹತ್ತಿ ಮಾಳಿಗೆ ಸೇರಿದರು. ಎಮ್ಮೆ ಕೆಳಗೇ ಉಳಿಯಿತು. ತಂಗೆವ್ವ ಮೇಲಿಂದಲೇ ಹಗ್ಗ ಹಿಡಿದಳು. ಆಕಾಶ ಕಂಡ ಸೆಟ್ಟಿನಲ್ಲಿ ಸ್ವಲ್ಪ ಹೊತ್ತಿಗೆ ಮಿಣುಕು ನಿಂತು ಅಂಕಿ ಬದಲಾಯಿತು. ಸುಭಾಸನಿಗೆ ಆಗ ತಿಳಿಯಿತು. ತಾನು ಓದಿದ್ದು ಮುಂಜಾನೆಯ ಊರಿನ ಅಂಕಿ. ಬೋಟು ಆ ಖಾಲಿ ಊರಿಗೆ ಹೋಗಿತ್ತು.

"ಹೊಳಿಮಡ್ಡಿರಿ, ಹೊಳಿಮಡ್ಡಿ ಸಾಲಿ," ಎಂದು ಒದರಿದ.

ಅಷ್ಟರಲ್ಲಿ ಎಮ್ಮೆಯ ಕಾಲು ನೆಲ ಬಿಟ್ಟಿತ್ತು. ಸೆಳವು ಅದನ್ನು ಜಗ್ಗಿತು, ಅದು ತಂಗೆವ್ವನನ್ನು ಜಗ್ಗಿತು. ಪಕ್ಕದವರು ಸೊಂಟ ಹಿಡಿದರು. ಅಂಗೈ ಸುಲಿದು, ಹಗ್ಗ ಜಾರಿ ಹೋಯಿತು.

ಬೋಟು ಬಂದಾಗ ಎಮ್ಮೆ ಕಣ್ಣಿಗೆ ಕಾಣುತ್ತಿರಲಿಲ್ಲ. ಎಲ್ಲರೂ ಹತ್ತಿ ಕೂತರು. ಯಾಕೆ ತಡವಾಯಿತೆಂದು ಯಾರೋ ಕೇಳಿದರು.

"ಮೋಡ ಇತ್ತಲ್ರಿ," ಎಂದ ಸುಭಾಸ. "ಸಿಗ್ನಲ್ ಸಿಗಲಿಲ್ಲ."

ಮೋಡಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಜನ ಹೌದೆಂದು ತಲೆಯಾಡಿಸಿದರು. ಹಾಗೆ ನಂಬಿದ್ದೇ ಅವನಿಗೆ ಬೈಗಳಕ್ಕಿಂತ ಹೆಚ್ಚು ಚುಚ್ಚಿತು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ತಂಗೆವ್ವ ಪಕ್ಕದಲ್ಲೇ ಕೂತಿದ್ದಳು. ಮಳೆಗೆ ಸೆಟ್ ತೊಯ್ಯುವುದನ್ನು ಕಂಡು ಅದರ ಮೇಲೆ ತನ್ನ ಸೆರಗು ಹೊದಿಸಿದಳು.

"ನೀವ್ಯಾಕ ಮಾರಿ ಸಣ್ಣದ ಮಾಡ್ಕೊಂಡೀರಿ? ಮೋಡಕ್ಕ ನೀವರ ಏನ ಮಾಡ್ತೀರಿ," ಎಂದಳು. ಮತ್ತೆ, "ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ನಮಗ ಓದು ಬರಹ ಇಲ್ಲ. ನಮ್ಮೂರ ಹೆಸರ ಹೇಳಿದ್ರ ಅವರಿಗೆ ತಿಳೀತಿರಲಿಲ್ಲೇನ್ರಿ?"



"ತಿಳೀತಿತ್ತ ಯವ್ವಾ," ಎಂದ ಸುಭಾಸ. "ಅವರು ಕೇಳಿದ್ರು. ನಾನ ಹೇಳಲಿಲ್ಲ."

ತಂಗೆವ್ವ ಸೆಟ್ಟಿನ ಮೇಲಿನ ಸೆರಗನ್ನು ಮೆಲ್ಲಗೆ ಎಳೆದುಕೊಂಡು, ಸುಲಿದ ತನ್ನ ಅಂಗೈಗೆ ಸುತ್ತಿಕೊಂಡಳು.