ಪಾಮನಕಲ್ಲೂರಿನವರೆಗೆ

ಎಳ್ಳಮಾವಾಸ್ಯೆಯ ಆ ಬೆಳಿಗ್ಗೆ ಮಸ್ಕಿಯ ಗುಡ್ಡ ಮಂಜಿನಲ್ಲಿ ಮುಳುಗಿತ್ತು. ಅಂಗಳದ ಬೇವಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಮೋಟಾರಿನ ಸೀಟಿನಲ್ಲಿ ಕೂತ ದೊಡ್ಡಬಸಪ್ಪ ಕಣ್ಣುಜ್ಜಿಕೊಂಡ.

"ಲಾಲ್ಯಾ, ಮಂಜು ಖರೇನ ಬಿದ್ದೈತೋ, ನನ್ನ ಕಣ್ಣಾಗಿಂದೋ?"

"ಖರೇನ ಬಿದ್ದೈತಿ. ನಿನ್ನ ಮಾರಿ ನನಗೂ ಕಾಣವಲ್ದು. ಚಲೋನ ಆತು ಬಿಡು," ಎಂದ ಲಾಲ್‌ಸಾಬ್.

ಆ ಮೋಟಾರನ್ನು ಗೆಳೆಯರಿಬ್ಬರೂ ಪ್ರಾಯದಲ್ಲಿ ದನದ ಕೊಟ್ಟಿಗೆಯಲ್ಲಿ ಕಟ್ಟಿದ್ದರು. ಹಳೆಯ ಜೀಪಿನ ಚಾಸಿ, ಅಂಬಾಸಿಡರ್ ಎಂಜಿನ್, ಡ್ರಮ್ಮಿನ ತಗಡು ಬಡಿದು ಮಾಡಿದ ಉದ್ದ ಮೂಗು, ಮೇಲೆ ಚಾವಣಿಯಿಲ್ಲ. ದೊಡ್ಡಬಸಪ್ಪನ ಹೆಂಡತಿ ಕಸ್ತೂರೆಮ್ಮ ಪಾಮನಕಲ್ಲೂರಿನ ತವರಿನಿಂದ ಮದುವಣಗಿತ್ತಿಯಾಗಿ ಬಂದದ್ದು ಅದರಲ್ಲೇ. ಬ್ರೇಕು ಹೋದ ಮೇಲೆ ಎಷ್ಟೋ ವರ್ಷ ಬೆಕ್ಕುಗಳು ಅದರಲ್ಲಿ ಮರಿ ಹಾಕಿದವು.

ಈಗ ದೊಡ್ಡಬಸಪ್ಪನ ಕಣ್ಣಿನ ನರ ಒಣಗುತ್ತಿತ್ತು. ಯುಗಾದಿಯ ಹೊತ್ತಿಗೆ ಬೆಳಕು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಕತ್ತಲಾಗುವ ಮೊದಲು ಒಮ್ಮೆ ತಾನೇ ನಡೆಸಿಕೊಂಡು, ಹೊಲದ ದಾರಿಯಲ್ಲಿ ನಿಧಾನಕ್ಕಾದರೂ ಸರಿ, ಹೆಂಡತಿಯನ್ನು ತವರಿಗೆ ಕರೆದೊಯ್ಯಬೇಕೆಂಬುದು ಅವನಿಗಿದ್ದ ಒಂದೇ ಆಸೆ.

ಬ್ರೇಕಿನ ಸಿಲಿಂಡರು ತುಕ್ಕು ತಿಂದಿತ್ತು. ಲಿಂಗಸುಗೂರಿನ ಚನ್ನವೀರ ತನ್ನ ಜೀಪಿನದನ್ನೇ ಬಿಚ್ಚಿ, ಒಳಗಿನ ರಬ್ಬರು ತೆಗೆದಿಟ್ಟುಕೊಂಡು ಕೊಟ್ಟಿದ್ದ. ತಂಗಿಯ ಮದುವೆಯ ಓಡಾಟವಿದೆ, ಅಮಾವಾಸ್ಯೆಯ ಮಧ್ಯಾಹ್ನ ಬಂದು ಒಯ್ಯುತ್ತೇನೆ ಎಂದಿದ್ದ. ಅದಕ್ಕೆ ಹಾಕುವ ಹೊಸ ರಬ್ಬರುಗಳಿಗಾಗಿ ಲಾಲ್‌ಸಾಬ್ ಸಿಂಧನೂರು, ರಾಯಚೂರು ಸುತ್ತಿ, ಕೊನೆಗೆ ಹೈದರಾಬಾದಿನ ಮೂಲೆಯಂಗಡಿಯಲ್ಲಿ ಉಳಿದಿದ್ದ ಒಂದೇ ಜೊತೆ ತಂದಿದ್ದ. ಹಿಂದಿನ ವಾರ ಒಬ್ಬ ಪೆಡಲ್ ಒತ್ತಿ, ಇನ್ನೊಬ್ಬ ಗಾಲಿಯಡಿ ಮಲಗಿ ಬ್ರೇಕಿನ ಪೈಪಿನೊಳಗೆ ಸಿಕ್ಕಿದ್ದ ಗಾಳಿ ಹೊರಗೆ ಬಿಟ್ಟಿದ್ದರು. ಪೆಡಲ್ ಕಲ್ಲಿನಂತೆ ನಿಂತಾಗ ಮುದುಕರಿಬ್ಬರೂ ಕೆಮ್ಮು ಬರುವಷ್ಟು ನಕ್ಕಿದ್ದರು.

ದೊಡ್ಡಬಸಪ್ಪ ಈಗ ಒತ್ತಿದ. ಪೆಡಲ್ ಕೆಳಗೆ ಹೋಯಿತು; ಮೇಲೆ ಬರಲಿಲ್ಲ.

ಲಾಲ್‌ಸಾಬ್ ಹಿಂದಿನಿಂದ ದೂಡಿದ. ನಾಲ್ಕೂ ಗಾಲಿ ಕಚ್ಚಿ ಹಿಡಿದಿದ್ದವು. ಸಿಲಿಂಡರಿನ ಮುಚ್ಚಳ ತೆಗೆದು ಬೆರಳದ್ದಿ ಮೂಸಿದ. ಕುಸುಬಿ ಎಣ್ಣೆ. ಸುಟ್ಟ ಬತ್ತಿಯ ಕರಿ ಬೆರಳಿಗೆ ಹತ್ತಿತು. ಆ ಬೆರಳನ್ನು ಗೆಳೆಯನ ಮೂಗಿನ ಹತ್ತಿರ ಹಿಡಿದ.

ಅಷ್ಟರಲ್ಲಿ ಇಳಕಲ್ ಸೀರೆಯುಟ್ಟು, ಕಡುಬಿನ ಬುತ್ತಿ ಹೊತ್ತು ಕಸ್ತೂರೆಮ್ಮ ಹೊರಗೆ ಬಂದಳು. "ಇನ್ನಾ ಇಲ್ಲೇ ಕುಂತೀರೇನ್ರೀ? ಎತ್ತಿನ ಗಾಡಿ ಹೂಡಿದ್ರ ಇಷ್ಟೊತ್ತಿಗೆ ನಮ್ಮೂರಾಗ ಊಟಕ್ಕ ಕುಂತಿರ್ತಿದ್ವಿ."

"ಬ್ರೇಕು ಹಿಡಕೊಂಡೈತಿ," ಎಂದ ದೊಡ್ಡಬಸಪ್ಪ.

"ಹೆಂಗ ಹಿಡಕೊಂತೈತ್ರೀ? ಸೋಮವಾರ ನಾನ ಅದಕ್ಕ ಬಸವಣ್ಣನ ದೀಪದ ಎಣ್ಣಿ ಹಾಕೀನಿ. ಚಕ್ಕಡಿ ಅಚ್ಚಿಗೆ ಹಾಕಿದಂಗ. ಕಣ್ಣು ಕಾಣದ ಮನುಷಾ ನಡಸಾಂವ, ಅಂವನ ಕಾಯಲಿ ಅಂತ."

ಚಕ್ಕಡಿಯ ಅಚ್ಚಿಗೆ ದೇವರ ದೀಪದಲ್ಲಿ ಉಳಿದ ಎಣ್ಣೆ ಹಾಕುವುದು ಆ ಮನೆಯ ತಲೆತಲಾಂತರದ ರೂಢಿ. ಕಬ್ಬಿಣಕ್ಕೆ ಅದು ಒಗ್ಗುತ್ತದೆ. ಈ ರಬ್ಬರು ಆ ಎಣ್ಣೆ ಕುಡಿದು ಉಬ್ಬುತ್ತದೆ. ಒಮ್ಮೆ ಉಬ್ಬಿದರೆ ಮುಗಿಯಿತು. ಲಾಲ್‌ಸಾಬ್ ಬಾಯಿ ತೆರೆದ. ದೊಡ್ಡಬಸಪ್ಪನ ಕೈ ತಡವರಿಸಿ ಅವನ ಭುಜ ಅದುಮಿತು.

"ಇಂವಂದ ಎಲ್ಲಾ," ಎಂದ ದೊಡ್ಡಬಸಪ್ಪ. "ಹೈದರಾಬಾದಿಗೆ ಹೋಗಿ ಬಿರಿಯಾನಿ ಹೊಡದು, ಕಣ್ಣು ಮುಚ್ಚಿ ಸತ್ತ ಮಾಲು ತಂದಾನ. ನನಗಿಂತ ಕುರುಡ."

ಲಾಲ್‌ಸಾಬ್ ಬೆರಳನ್ನು ಅಂಗಿಗೆ ಒರೆಸಿಕೊಂಡ. "ಹೂಂ ಅಕ್ಕಾ. ತಪ್ಪು ನಂದ."

"ಹೋಗ್ಲಿ ಬಿಡಣ್ಣಾ, ಮತ್ತೊಂದು ಜೊತಿ ತರಸಿದ್ರಾತು. ಯುಗಾದಿಗೆ ಹೋಗೋಣಂತ," ಎಂದಳು ಕಸ್ತೂರೆಮ್ಮ.

ಲಾಲ್‌ಸಾಬ್ ಸಿಲಿಂಡರು ಬಿಚ್ಚಲು ಪಾನಾ ಹುಡುಕತೊಡಗಿದ. ಅವಳು ಬುತ್ತಿ ಬಿಚ್ಚಿ ಅಲ್ಲೇ ಕಟ್ಟೆಯ ಮೇಲೆ ಕಡುಬು ಬಡಿಸಿದಳು.

ಬಿಸಿಲು ಬಿದ್ದು ಗುಡ್ಡದ ಬಂಡೆಗಳು ಕಾಣುವ ಹೊತ್ತಿಗೆ ಚನ್ನವೀರ ಬೈಕಿನಲ್ಲಿ ಬಂದ. ಲಾಲ್‌ಸಾಬ್ ಸಿಲಿಂಡರು ಬಿಚ್ಚಿ, ಉಬ್ಬಿದ ರಬ್ಬರುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದ.

"ಓಡಿತೇನ್ರೀ ಮಾವಾ?" ಎಂದು ಚನ್ನವೀರ ಕೇಳಿದ.

ದೊಡ್ಡಬಸಪ್ಪ ಧೋತರದ ಚುಂಗನ್ನು ಸಿಲಿಂಡರಿನೊಳಗೆ ತೂರಿಸಿ, ತಿರುವಿ ತಿರುವಿ ಒರೆಸುತ್ತಿದ್ದ. ಎಣ್ಣೆಯ ವಾಸನೆ ಹೋಗಿದೆಯೇ ಎಂದು ಮೂಸಿ ನೋಡಿದ. ಆಮೇಲೆ ಎಡಗೈ ಚಾಚಿ ಚನ್ನವೀರನ ಅಂಗೈ ಎಲ್ಲಿದೆಯೆಂದು ಹುಡುಕಿ, ಸಿಲಿಂಡರನ್ನು ಅದರಲ್ಲಿಟ್ಟ.